ಕೊಳ್ಳುವುದು ಲೇಸೋ, ಚಂದಾ ಕಟ್ಟುವುದು ಲೇಸೋ?

ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಕೇಳಿಬರುವ ಪ್ರಶ್ನೆಯೊಂದಿದೆ. ಉಳುಮೆಗೆ ಸ್ವಂತ ಎತ್ತುಗಳನ್ನು ಕಟ್ಟುವುದು ಲೇಸೋ, ಬಾಡಿಗೆಗೆ ಟ್ರ್ಯಾಕ್ಟರು ಕರೆಸುವುದು ಲೇಸೋ ಎಂಬುದೇ ಆ ಪ್ರಶ್ನೆ. ಸ್ವಂತ ಎತ್ತು ಉಳ್ಳವನು ಮಳೆ ಬಿದ್ದ ಮರುದಿನವೇ ಹೊಲಕ್ಕೆ ಇಳಿಯುತ್ತಾನೆ. ಆದರೆ ಅವನು ವರ್ಷವೆಲ್ಲ ಮೇವು ನೀರು ಒದಗಿಸಬೇಕು, ಎತ್ತಿಗೆ ಕಾಯಿಲೆಯಾದರೆ ತಾನೇ ಓಡಾಡಬೇಕು. ಬಾಡಿಗೆಗೆ ಕರೆಸುವವನಿಗೆ ಮೇವಿನ ಚಿಂತೆಯಿಲ್ಲ. ಆದರೆ ನೆಲದ ಹದ ಆರುವ ಮೊದಲು ಟ್ರ್ಯಾಕ್ಟರು ಬರುತ್ತದೆಯೋ ಇಲ್ಲವೋ ಎಂಬ ಚಿಂತೆ ಅವನನ್ನು ಬಿಡುವುದಿಲ್ಲ. ಅನಂತಪುರ ಜಿಲ್ಲೆಯಂಥ ಮಳೆ ಕಡಿಮೆಯಾದ ಸೀಮೆಯಲ್ಲಿ ಶೇಂಗಾ ಬಿತ್ತುವವರಿಗೆ ಹದವೆಂಬುದು ಎಷ್ಟು ಅಮೂಲ್ಯವೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇದೇ ಪ್ರಶ್ನೆ ಇಂದು ಹೊಸ ವೇಷ ತೊಟ್ಟು ನಮ್ಮ ಊರುಗಳಿಗೆ ಬಂದಿದೆ. ರಾಯದುರ್ಗದ ಜೀನ್ಸ್ ಉಡುಪು ಹೊಲಿಯುವ ಘಟಕಗಳು, ಔಷಧಿ ಅಂಗಡಿಗಳು, ಗೊಬ್ಬರದ ಅಂಗಡಿಗಳು, ಆಸ್ಪತ್ರೆಗಳು, ಶಾಲೆಗಳು ಇಂದು ಗಣಕಯಂತ್ರಗಳಿಲ್ಲದೆ ನಡೆಯಲಾರವು. ಆ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ, ಹೊರಗಿನ ಪ್ರಪಂಚಕ್ಕೆ ಕೂಡಿಸುವ ಜಾಲವೂ ಬೇಕು. ಆ ಜಾಲದ ಉಪಕರಣಗಳನ್ನು ಹಣ ಕೊಟ್ಟು ಕೊಂಡು ತಂದು ನಾವೇ ನೋಡಿಕೊಳ್ಳಬೇಕೇ? ಅಥವಾ ತಿಂಗಳು ತಿಂಗಳು ಚಂದಾ ಕಟ್ಟಿ, ಉಪಕರಣ ಮತ್ತು ಅದರ ಆರೈಕೆ ಎರಡನ್ನೂ ಬೇರೊಬ್ಬರಿಗೆ ಒಪ್ಪಿಸಬೇಕೇ? ನಮ್ಮ ವಿದ್ಯಾರ್ಥಿಗಳ ತಂದೆತಾಯಿಗಳಲ್ಲಿ ಸಣ್ಣ ಅಂಗಡಿ, ಸಣ್ಣ ಘಟಕ ನಡೆಸುವವರು ಅನೇಕರು ಇರುವುದರಿಂದ ಈ ವಿಷಯವನ್ನು ಸರಳವಾಗಿ ವಿವರಿಸುವುದು ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

ಜಾಲವೆಂದರೆ ಏನು?

ಮೊದಲು ಜಾಲದಲ್ಲಿ ಏನೇನು ಇರುತ್ತದೆಂಬುದನ್ನು ತಿಳಿಯೋಣ. ಬೀದಿಯ ಕಂಬದಿಂದ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತಿ, ಅಂದರೆ ಫೈಬರ್, ನಮ್ಮ ಕಟ್ಟಡದೊಳಕ್ಕೆ ಬರುತ್ತದೆ. ಇದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಪೆಟ್ಟಿಗೆಯೊಂದು ಗೋಡೆಯ ಮೇಲಿರುತ್ತದೆ. ಅದನ್ನು ಜನ ಸಾಮಾನ್ಯವಾಗಿ ಮೋಡೆಮ್ ಎಂದೇ ಕರೆಯುತ್ತಾರೆ. ಅದರ ನಂತರ ರೌಟರ್. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಊರೂರಿಗೆ ವಿಂಗಡಿಸುವಂತೆ, ಒಳಗಿನ ಸುದ್ದಿ ಯಾವುದು, ಹೊರಗೆ ಹೋಗಬೇಕಾದ ಸುದ್ದಿ ಯಾವುದು ಎಂದು ವಿಂಗಡಿಸಿ ದಾರಿ ತೋರಿಸುವುದು ಇದರ ಕೆಲಸ. ಆಮೇಲೆ ಸ್ವಿಚ್. ಇದು ದೀಪ ಹಾಕುವ ಸ್ವಿಚ್ಚಲ್ಲ. ಹಲವು ಗಣಕಯಂತ್ರಗಳ ತಂತಿಗಳು ಬಂದು ಕೂಡುವ ಪೆಟ್ಟಿಗೆ. ತಂತಿಯಿಲ್ಲದೆ ಗಾಳಿಯಲ್ಲಿ ಸಂಕೇತ ಹರಡುವ ವೈಫೈ ಪೆಟ್ಟಿಗೆಗಳು ಬೇರೆ. ಇವೆಲ್ಲವನ್ನೂ ಕೂಡಿಸುವ ತಾಮ್ರದ ಕೇಬಲ್ಲುಗಳು, ವಿದ್ಯುತ್ ಹೋದಾಗ ಕೈಹಿಡಿಯುವ ಯು.ಪಿ.ಎಸ್. ಇಷ್ಟು ಸೇರಿದರೆ ಒಂದು ಸಣ್ಣ ವ್ಯಾಪಾರದ ಜಾಲವಾಗುತ್ತದೆ.

ಈ ತಾಮ್ರದ ಕೇಬಲ್ಲಿಗೆ ಒಂದು ಮಿತಿಯುಂಟು. ಒಂದೇ ಎಳೆಯಲ್ಲಿ 100 ಮೀಟರಿಗಿಂತ ಹೆಚ್ಚು ದೂರ ಅದನ್ನು ಎಳೆಯಬಾರದು. ಎಳೆದರೆ ಸಂಕೇತವು ಕ್ಷೀಣಿಸಿ ಕೆಲಸ ಕೆಡುತ್ತದೆ. ಮುಂದುಗಡೆ ಅಂಗಡಿ, ಹಿಂದುಗಡೆ ಗೋದಾಮು ಇರುವವರು ಇದನ್ನು ನೆನಪಿನಲ್ಲಿಡಬೇಕು. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದರೆ ಸಿಡಿಲಿನ ಭಯವೂ ಇದೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲವಾದುದರಿಂದ ಅಂಥ ಕಡೆ ಅದೇ ಕ್ಷೇಮ.

ಎರಡು ಪದ್ಧತಿಗಳು

ಮೊದಲನೆಯದು ಕೊಳ್ಳುವ ಪದ್ಧತಿ. ಉಪಕರಣಗಳ ಬೆಲೆಯನ್ನೆಲ್ಲ ಒಮ್ಮೆಲೇ ಕೊಡುತ್ತೇವೆ. ಅಂದಿನಿಂದ ಅವು ನಮ್ಮ ಸೊತ್ತು. ಕೆಟ್ಟರೆ ರಿಪೇರಿ ನಮ್ಮದು. ಹಳೆಯದಾದರೆ ಬದಲಾಯಿಸುವ ಭಾರವೂ ನಮ್ಮದೇ.

ಎರಡನೆಯದು ಚಂದಾ ಪದ್ಧತಿ. ಕಂಪನಿಯವರು ತಮ್ಮ ಉಪಕರಣಗಳನ್ನು ತಂದು ನಮ್ಮಲ್ಲಿ ಜೋಡಿಸುತ್ತಾರೆ, ದೂರದಿಂದಲೇ ಅವುಗಳ ಮೇಲೆ ಕಣ್ಣಿಡುತ್ತಾರೆ, ಕೆಟ್ಟರೆ ಬಂದು ಸರಿಪಡಿಸುತ್ತಾರೆ, ಹಳತಾದರೆ ಹೊಸದನ್ನು ಹಾಕುತ್ತಾರೆ. ನಾವು ತಿಂಗಳಿಗಿಷ್ಟೆಂದು ಕಟ್ಟುತ್ತೇವೆ. ಒಪ್ಪಂದ ಮುಗಿದ ದಿನ ಉಪಕರಣಗಳನ್ನು ಅವರು ಬಿಚ್ಚಿಕೊಂಡು ಹೋಗುತ್ತಾರೆ.

ಅಂತರ್ಜಾಲದ ಸಂಪರ್ಕಕ್ಕಾಗಿ ಕೊಡುವ ಹಣ ಬೇರೆ, ಉಪಕರಣಗಳಿಗಾಗಿ ಕೊಡುವ ಹಣ ಬೇರೆ. ಸಂಪರ್ಕದ ಹಣವನ್ನು ಎರಡು ಪದ್ಧತಿಗಳಲ್ಲಿಯೂ ಕಟ್ಟಲೇಬೇಕು. ಬಿಲ್ಲಿನಲ್ಲಿ ಇವೆರಡೂ ಕೂಡಿಕೊಂಡು ಬಂದರೆ ಬಿಡಿಸಿ ತೋರಿಸುವಂತೆ ಕೇಳಬೇಕು. ಬಿಡಿಸದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹಿಂದೆಯೂ ಇದ್ದ ಪ್ರಶ್ನೆ

ಚಂದಾದಾರ ಎಂಬ ಮಾತು ನಮಗೆ ಹೊಸದಲ್ಲ. ದೂರವಾಣಿ ಮನೆಗೆ ಬಂದ ಕಾಲದಿಂದಲೂ ಅದು ಬಳಕೆಯಲ್ಲಿದೆ. ಸ್ವಾತಂತ್ರ್ಯಾನಂತರ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಪ್ರಾರಂಭವಾಯಿತು. ಆ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಅಲ್ಲಿ ತಯಾರಾದ ಕಪ್ಪು ದೂರವಾಣಿ ಯಂತ್ರಗಳು ದೇಶದ ಮನೆಮನೆಗೆ ಹೋದವು. ಆದರೆ ಮೇಜಿನ ಮೇಲಿದ್ದ ಆ ಯಂತ್ರ ಮನೆಯವರದಾಗಿರಲಿಲ್ಲ. ಅದು ಇಲಾಖೆಯ ಸೊತ್ತು. ಚಂದಾದಾರರು ಬಾಡಿಗೆ ಕಟ್ಟುತ್ತಿದ್ದರು. ಯಂತ್ರ ಕೆಟ್ಟರೆ ಇಲಾಖೆಯ ಲೈನ್‌ಮನ್ ಬರುತ್ತಿದ್ದರು. ಇಂದು ಹೊಸ ಹೆಸರಿನಿಂದ ಮಾರಾಟವಾಗುತ್ತಿರುವ ಚಂದಾ ಪದ್ಧತಿಯ ಮೂಲ ತತ್ತ್ವ ಅಂದೇ ಇತ್ತು.

2000ದ ಅಕ್ಟೋಬರ್ 1ರಂದು ಭಾರತ ಸಂಚಾರ ನಿಗಮ ಕಾರ್ಯಾರಂಭ ಮಾಡಿತು. ಈ ಸಂಸ್ಥೆ 2005ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದಾಗ, ಮೋಡೆಮನ್ನು ತಿಂಗಳ ಬಾಡಿಗೆಗೂ ಪಡೆಯಬಹುದಿತ್ತು, ಹಣ ಕೊಟ್ಟು ಕೊಳ್ಳಲೂಬಹುದಿತ್ತು. ಬಾಡಿಗೆಗೆ ಪಡೆದು ವರ್ಷಗಟ್ಟಲೆ ಕಟ್ಟುತ್ತ ಹೋದವರು ಮೋಡೆಮಿನ ಬೆಲೆಯನ್ನು ದಾಟಿ ಹಣ ಕೊಡಬೇಕಾಗುತ್ತದೆ. ಕೊಂಡವರು ಸಿಡಿಲಿಗೆ ಸುಟ್ಟ ಮೋಡೆಮನ್ನು ಸ್ವಂತ ಖರ್ಚಿನಿಂದ ಬದಲಾಯಿಸಬೇಕಾಗುತ್ತದೆ. ಹೀಗೆ ಎರಡರಲ್ಲಿಯೂ ಲಾಭವಿದೆ, ಎರಡರಲ್ಲಿಯೂ ನಷ್ಟವಿದೆ.

ಇನ್ನು ಹಳ್ಳಿಗಳ ವಿಷಯ. ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು 2011ರ ಅಕ್ಟೋಬರಿನಲ್ಲಿ ಒಪ್ಪಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿತು. ಆಂಧ್ರಪ್ರದೇಶ ಸರ್ಕಾರವು ತನ್ನದೇ ಆದ ಫೈಬರ್‌ನೆಟ್ ಸಂಸ್ಥೆಯನ್ನು ಸ್ಥಾಪಿಸಿ, ವಿದ್ಯುತ್ ಕಂಬಗಳ ಮೇಲೆಯೇ ಫೈಬರ್ ಎಳೆಯಿತು. ನೆಲ ಅಗೆಯುವ ಖರ್ಚು ಇದರಿಂದ ಉಳಿಯಿತು. ಈ ಯೋಜನೆಯನ್ನು 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ಅಂತರ್ಜಾಲ, ದೂರದರ್ಶನದ ಚಾನೆಲ್ಲುಗಳು, ದೂರವಾಣಿ ಮೂರೂ ಸೇರಿ ಆಗ ತಿಂಗಳಿಗೆ 149 ರೂಪಾಯಿಗಳಿಂದ ಪ್ರಾರಂಭವಾಗುತ್ತಿತ್ತು. ಮನೆಗೆ ಬೇಕಾದದ್ದು ಒಂದು ತಂತಿ, ಒಂದು ಪೆಟ್ಟಿಗೆ, ಅಷ್ಟೇ. ಇಂಥ ಪೆಟ್ಟಿಗೆಗಳು ಬಹುಮಟ್ಟಿಗೆ ಆಯಾ ಸಂಸ್ಥೆಯ ತಂತಿಗೆ ಹೊಂದಿಸಿದವು. ಇದರಿಂದ ಒಂದು ಸೂಕ್ಷ್ಮವನ್ನು ಕಲಿಯಬಹುದು. ಒಬ್ಬರ ತಂತಿಗೆ ಮಾತ್ರ ಒಗ್ಗುವ ಪೆಟ್ಟಿಗೆಯನ್ನು ಹಣ ಕೊಟ್ಟು ಕೊಂಡರೂ ಅದು ಪೂರ್ಣವಾಗಿ ನಮ್ಮದಾಗುವುದಿಲ್ಲ. ಅವರನ್ನು ಬಿಟ್ಟ ದಿನ ಅದು ಗೂಡಿನಲ್ಲಿಡುವ ವಸ್ತುವಾಗುತ್ತದೆ.

ಲೆಕ್ಕ ಹಾಕಿ ನೋಡೋಣ

ಮಾತಿಗಿಂತ ಲೆಕ್ಕ ಮೇಲು. ಇಪ್ಪತ್ತು ಜನ ಕೆಲಸ ಮಾಡುವ ಒಂದು ಹೊಲಿಗೆ ಘಟಕವನ್ನು ಊಹಿಸಿಕೊಳ್ಳೋಣ. ಕಚೇರಿ, ಬಟ್ಟೆ ಕತ್ತರಿಸುವ ಕೋಣೆ, ಹೊಲಿಯುವ ಹಜಾರ, ಗೋದಾಮು ಇಷ್ಟು ಕಡೆ ಜಾಲ ಬೇಕು. ಕೆಳಗಿನ ಅಂಕಿಗಳನ್ನು ಲೆಕ್ಕದ ರೀತಿ ತಿಳಿಸುವುದಕ್ಕಾಗಿ ನಾವೇ ಹಾಕಿಕೊಂಡಿದ್ದೇವೆ; ಇವು ಯಾವ ಕಂಪನಿಯ ದರವೂ ಅಲ್ಲ. ನಿಮ್ಮ ನಿಮ್ಮ ಅಂಕಿಗಳನ್ನು ಇದೇ ರೀತಿ ಹಾಕಿ ನೋಡಬೇಕು. ಅವಧಿ 5 ವರ್ಷ.

ಕೊಂಡರೆ:
ಉಪಕರಣ, ಕೇಬಲ್, ಕೂಲಿ — 60,000 ರೂ.
ವರ್ಷಕ್ಕೆ 8,000ದಂತೆ ಆರೈಕೆ — 40,000 ರೂ.
ನಡುವೆ ಯು.ಪಿ.ಎಸ್. ಬ್ಯಾಟರಿ ಬದಲಾವಣೆ — 6,000 ರೂ.
ಕೆಟ್ಟುಹೋದ ಪೆಟ್ಟಿಗೆಗಳ ಬದಲಾವಣೆ — 14,000 ರೂ.
ಒಟ್ಟು — 1,20,000 ರೂ.
ಕೊನೆಗೆ ಉಳಿಯುವ ಸೊತ್ತಿನ ಬೆಲೆ ಕಳೆದರೆ — 10,000 ರೂ.
ನಿಜವಾದ ಖರ್ಚು — 1,10,000 ರೂ.

ಚಂದಾ ಕಟ್ಟಿದರೆ:
ಜೋಡಣೆಯ ಶುಲ್ಕ — 5,000 ರೂ.
ತಿಂಗಳಿಗೆ 2,200ರಂತೆ 60 ತಿಂಗಳು — 1,32,000 ರೂ.
ಒಟ್ಟು — 1,37,000 ರೂ.
ಕೊನೆಗೆ ಉಳಿಯುವ ಸೊತ್ತು — ಏನೂ ಇಲ್ಲ.

ತಿಂಗಳಿಗೆ 2,200 ರೂಪಾಯಿ ಎಂದಾಗ ಅದು ಸಣ್ಣ ಮೊತ್ತವಾಗಿಯೇ ತೋರುತ್ತದೆ. ಆದರೆ ಹನಿಗೂಡಿದರೆ ಹಳ್ಳ. ಐದು ವರ್ಷದಲ್ಲಿ ಚಂದಾದಾರನು 27,000 ರೂಪಾಯಿಗಳಷ್ಟು ಹೆಚ್ಚು ಕೊಡುತ್ತಾನೆ. ತಿಂಗಳಿಗೆ ಹಂಚಿದರೆ 450 ರೂಪಾಯಿ. ಹಾಗಾದರೆ ಕೊಳ್ಳುವುದೇ ಲೇಸೆಂದು ತೀರ್ಮಾನಿಸಬಹುದೇ? ಆತುರ ಬೇಡ. ಇನ್ನೂ ಎರಡು ಲೆಕ್ಕಗಳು ಬಾಕಿ ಇವೆ.

ಮೊದಲನೆಯದು ಬಡ್ಡಿಯ ಲೆಕ್ಕ. ಆ 60,000 ರೂಪಾಯಿ ಎಲ್ಲಿಂದ ಬಂತು? ಕೈಯಲ್ಲಿಯೇ ಇದ್ದರೆ ಸರಿ. ಬ್ಯಾಂಕಿನಿಂದ ವಾರ್ಷಿಕ ಶೇಕಡಾ 12ರ ಬಡ್ಡಿಯಲ್ಲಿ ತಂದು 36 ಸಮಾನ ಕಂತುಗಳಲ್ಲಿ ತೀರಿಸಿದರೆ ಬಡ್ಡಿ ಸುಮಾರು 11,700 ರೂಪಾಯಿಗಳಾಗುತ್ತದೆ. ಆಗ ಒಟ್ಟು ಖರ್ಚು 1,21,700. ಆದರೂ ಚಂದಾಕ್ಕಿಂತ ಕಡಿಮೆಯೇ. ಆದರೆ ಕೈಸಾಲ ಮಾಡಿ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಲ್ಲಿ ತಂದು, ಅಸಲು ತೀರಿಸಲಾಗದೆ ಮೂರು ವರ್ಷ ಬರೀ ಬಡ್ಡಿ ಕಟ್ಟಿದರೆ? ತಿಂಗಳಿಗೆ 1,200; ಮೂರು ವರ್ಷಕ್ಕೆ 43,200. ಒಟ್ಟು ಖರ್ಚು 1,53,200 ಆಗಿ ಚಂದಾವನ್ನೂ ಮೀರಿತು. ಸ್ವಂತದ್ದೆಂಬ ಅಭಿಮಾನಕ್ಕೆ ಸಾಲಗಾರನಾಗುವುದು ಜಾಣತನವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ನಿಂತುಹೋದ ದಿನದ ಬೆಲೆ

ಎರಡನೆಯದು ಇದಕ್ಕಿಂತ ಮುಖ್ಯವಾದ ಲೆಕ್ಕ. ಜಾಲ ನಿಂತುಹೋದ ದಿನ ಏನಾಗುತ್ತದೆ? ಬೇಡಿಕೆಯ ಪಟ್ಟಿ ತೆರೆಯುವುದಿಲ್ಲ, ಬಿಲ್ಲು ಹೊರಡುವುದಿಲ್ಲ, ಸರಕು ಲಾರಿಗೆ ಏರುವುದಿಲ್ಲ. ಇಪ್ಪತ್ತು ಜನರ ಕೂಲಿ ತಲಾ 500ರಂತೆ ಹಿಡಿದರೂ ದಿನಕ್ಕೆ 10,000 ರೂಪಾಯಿ. ಕೆಲಸ ಪೂರ್ತಿ ನಿಂತ ಪಕ್ಷದಲ್ಲಿ, ಐದು ವರ್ಷದಲ್ಲಿ ಮೂರು ದಿನ ಹೆಚ್ಚಾಗಿ ನಿಂತರೆ 30,000 ರೂಪಾಯಿ ಹೋಯಿತು. ಕೊಂಡು ಉಳಿಸಿದ 27,000ಕ್ಕಿಂತ ಇದು ಹೆಚ್ಚು.

ಹಾಗಾದರೆ ಚಂದಾದಾರನು ತಿಂಗಳಿಗೆ ಹೆಚ್ಚಾಗಿ ಕೊಡುವ ಆ 450 ರೂಪಾಯಿ ಯಾವುದರ ಬೆಲೆ? ಅದು ಪೆಟ್ಟಿಗೆಯ ಬೆಲೆಯಲ್ಲ. ಕೆಟ್ಟಾಗ ಒಬ್ಬರು ಬರುತ್ತಾರೆಂಬ ಭರವಸೆಯ ಬೆಲೆ. ಈ ಒಂದು ಮಾತನ್ನು ತಿಳಿದರೆ ಇಡೀ ವಿಷಯ ತಿಳಿದಂತೆಯೇ. ಕೊಳ್ಳುವುದೋ ಚಂದಾವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಹಣದ ಪ್ರಶ್ನೆ. ಒಳಗೆ ಅದು ಆರೈಕೆಯ ಪ್ರಶ್ನೆ.

ಆದುದರಿಂದ ಭರವಸೆ ನಿಜವಾದುದೇ ಎಂಬುದನ್ನು ನೋಡಬೇಕು. ದೊಡ್ಡ ನಗರದಲ್ಲಿ ನಾಲ್ಕು ಗಂಟೆಯೊಳಗೆ ಬರುವ ಕಂಪನಿಯವರು ಓಬಳಾಪುರಕ್ಕೆ ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಅವರ ನೌಕರ ಇರುವುದು ಬಳ್ಳಾರಿಯಲ್ಲಿಯೋ, ಅನಂತಪುರದಲ್ಲಿಯೋ, ಬೆಂಗಳೂರಿನಲ್ಲಿಯೋ? ನಾವು ಆಂಧ್ರದ ಗಡಿಯೊಳಗೆ ಇದ್ದರೂ ನಮಗೆ ಹತ್ತಿರದ ದೊಡ್ಡ ಪೇಟೆ ಬಳ್ಳಾರಿಯೇ. ಅನಂತಪುರದಿಂದ ಬರಬೇಕಾದವನಿಗೆ ಒಂದು ಹೊತ್ತು ದಾರಿಯಲ್ಲಿಯೇ ಕಳೆಯುತ್ತದೆ. ಮೂರು ದಿನದ ಮೇಲೆ ಬರುವವನಿಗೆ ತಿಂಗಳು ತಿಂಗಳು ಚಂದಾ ಕಟ್ಟುವುದು ಒಡೆದ ಕೊಡಕ್ಕೆ ನೀರು ಸುರಿದಂತೆ.

ಬೇಗ ಮುಪ್ಪಾಗುವುದು, ತಡವಾಗಿ ಮುಪ್ಪಾಗುವುದು

ಜಾಲದ ಎಲ್ಲ ಭಾಗಗಳಿಗೂ ಒಂದೇ ಆಯುಸ್ಸಿಲ್ಲ. ಗಣಕಯಂತ್ರಗಳನ್ನು ತಂತಿಯಿಂದ ಕೂಡಿಸುವ ಈಥರ್ನೆಟ್ ಪದ್ಧತಿಯು ಅಮೆರಿಕದಲ್ಲಿ 1973ರಲ್ಲಿ ರೂಪುಗೊಂಡಿತು. ವೇಗ ಎಷ್ಟೋ ಪಟ್ಟು ಹೆಚ್ಚಿದ್ದರೂ ಅದೇ ಪದ್ಧತಿ ಇಂದಿಗೂ ನಡೆಯುತ್ತಿದೆ. ಆದುದರಿಂದ ಗೋಡೆಯೊಳಗೆ ಎಳೆದ ಒಳ್ಳೆಯ ಕೇಬಲ್, ಇಲಿ ಕಡಿಯದಂತೆ ಕೊಳವೆಯಲ್ಲಿ ಹಾಕಿದ್ದರೆ, ಹತ್ತು ಹದಿನೈದು ವರ್ಷ ನಿಶ್ಚಿಂತೆಯಾಗಿ ಬಾಳುತ್ತದೆ. ಸ್ವಿಚ್ ಕೂಡ ಧೂಳು, ಬಿಸಿಲು, ವಿದ್ಯುತ್ತಿನ ಏರಿಳಿತಗಳಿಂದ ಕಾಪಾಡಿದರೆ ದೀರ್ಘಕಾಲ ನಡೆಯುತ್ತದೆ.

ವೈಫೈ ಹಾಗಲ್ಲ. ಅದರ ಮೊದಲ ಮಾನದಂಡ ಬಂದದ್ದು 1997ರಲ್ಲಿ. ಅಂದಿನಿಂದ ಇಂದಿನವರೆಗೆ ತಲೆಮಾರಿನ ಮೇಲೆ ತಲೆಮಾರು ಬಂದು, ಈಗ ಅದು ಏಳನೆಯ ತಲೆಮಾರಿಗೆ ಮುಟ್ಟಿದೆ. ಹಳೆಯ ಪೆಟ್ಟಿಗೆ ಕೆಡದಿದ್ದರೂ ಹೊಸ ಯಂತ್ರಗಳ ವೇಗಕ್ಕೆ ಹೆಜ್ಜೆ ಹಾಕಲಾರದು. ರೌಟರಿನ ಕಥೆಯೂ ಅಷ್ಟೇ. ಅದು ಮನೆಯ ಹೊಸ್ತಿಲಿನಲ್ಲಿ ನಿಂತ ಕಾವಲುಗಾರ. ಕಳ್ಳರು ಹೊಸ ಹೊಸ ಉಪಾಯ ಕಲಿತಂತೆ ಕಾವಲುಗಾರನೂ ಕಲಿಯುತ್ತಿರಬೇಕು. ತಯಾರಕರು ಕಾಲಕಾಲಕ್ಕೆ ಕಳುಹಿಸುವ ತಿದ್ದುಪಡಿಗಳನ್ನು ಅದಕ್ಕೆ ಹಾಕುತ್ತಿರಬೇಕು. ಕೆಲವು ವರ್ಷಗಳ ನಂತರ ತಯಾರಕರು ಹಳೆಯ ಮಾದರಿಗಳಿಗೆ ತಿದ್ದುಪಡಿ ಕಳುಹಿಸುವುದನ್ನೇ ನಿಲ್ಲಿಸುತ್ತಾರೆ. ಆಗ ಪೆಟ್ಟಿಗೆಯ ದೀಪ ಉರಿಯುತ್ತಿದ್ದರೂ ಕಾವಲು ಸಡಿಲವಾಗಿರುತ್ತದೆ.

ಇದಲ್ಲದೆ, ಕೆಲವು ತಯಾರಕರ ಉಪಕರಣಗಳನ್ನು ಪೂರ್ತಿ ಹಣ ಕೊಟ್ಟು ಕೊಂಡರೂ ಪ್ರತಿವರ್ಷ ಪರವಾನಗಿ ಶುಲ್ಕ ಕಟ್ಟಬೇಕಾಗುತ್ತದೆ. ಕಟ್ಟದಿದ್ದರೆ ಅವುಗಳ ಮುಖ್ಯ ಕೆಲಸವೇ ನಿಲ್ಲುತ್ತದೆ. ಹೆಸರಿಗೆ ಕೊಂಡದ್ದು, ನಿಜದಲ್ಲಿ ಚಂದಾ! ಕೊಳ್ಳುವಾಗ “ಇದಕ್ಕೆ ವರ್ಷವರ್ಷ ಏನಾದರೂ ಕಟ್ಟಬೇಕೇ?” ಎಂದು ಕೇಳುವುದನ್ನು ಮರೆಯಬಾರದು.

ಇವೆಲ್ಲವನ್ನೂ ವಿಚಾರಿಸಿದರೆ ಒಂದು ಮಧ್ಯಮಾರ್ಗ ತೋರುತ್ತದೆ. ತಡವಾಗಿ ಮುಪ್ಪಾಗುವ ಕೇಬಲ್, ಸ್ವಿಚ್, ಯು.ಪಿ.ಎಸ್.ಗಳನ್ನು ಕೊಳ್ಳಬಹುದು. ಬೇಗ ಮುಪ್ಪಾಗುವ, ಪರಿಣತರ ಕೈ ಬೇಡುವ ರೌಟರ್ ಮತ್ತು ವೈಫೈಗಳನ್ನು ಚಂದಾಕ್ಕೆ ಪಡೆಯಬಹುದು. ಒಕ್ಕಲು ಮಕ್ಕಳು ಮಾಡುವುದೂ ಇದನ್ನೇ. ಕುಂಟೆ, ಕೂರಿಗೆ ಮನೆಯವು. ದೊಡ್ಡ ಯಂತ್ರ ಬಾಡಿಗೆಯದು.

ಶಾಲೆಗಳ ಅನುಭವ

ಇದಕ್ಕೆ ಶಾಲೆಗಳ ಉದಾಹರಣೆಯನ್ನೂ ನೋಡಬಹುದು. ಶಾಲೆಗಳಲ್ಲಿ ಗಣಕ ಶಿಕ್ಷಣ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2004ರ ಡಿಸೆಂಬರಿನಲ್ಲಿ ಪ್ರಾರಂಭಿಸಿತು. ಅವಿಭಜಿತ ಆಂಧ್ರಪ್ರದೇಶದಲ್ಲಿ 2008ರಲ್ಲಿ 5,000 ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಅವನ್ನು ಒದಗಿಸಿದ ರೀತಿಗೆ ಬೂಟ್ ಪದ್ಧತಿಯೆಂದು ಹೆಸರು. ಖಾಸಗಿ ಸಂಸ್ಥೆಯು ಕೋಣೆಯಲ್ಲಿ ಯಂತ್ರಗಳನ್ನು ಜೋಡಿಸುವುದು, ಐದು ವರ್ಷ ತನ್ನ ಒಡೆತನದಲ್ಲಿಟ್ಟುಕೊಂಡು ನಡೆಸುವುದು, ಕಲಿಸುವವರನ್ನೂ ತಾನೇ ನೇಮಿಸುವುದು, ಅವಧಿ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸುವುದು.

ಮೊದಲ ಐದು ವರ್ಷ ಚಂದಾ, ಆಮೇಲೆ ಸ್ವಂತ! ಕೇಳಲು ಎಷ್ಟು ಸೊಗಸಾಗಿದೆ. ಆದರೆ ಇದರಲ್ಲಿ ಒಂದು ತೊಡಕಿದೆ. ಯಂತ್ರಗಳು ಹೊಸದಾಗಿದ್ದು ಕೆಡುವುದು ಕಡಿಮೆ ಇರುವಾಗ ನೋಡಿಕೊಳ್ಳುವವರಿರುತ್ತಾರೆ. ಅವು ಹಳತಾಗಿ ನಿಜವಾಗಿ ಆರೈಕೆ ಬೇಡುವ ಹೊತ್ತಿಗೆ ಅವು ಶಾಲೆಯ ಸೊತ್ತಾಗುತ್ತವೆ. ನೋಡಿಕೊಳ್ಳುತ್ತಿದ್ದವರ ಒಪ್ಪಂದವೂ ಅದೇ ದಿನ ಮುಗಿಯುತ್ತದೆ. ಒಡೆತನ ಕೈಗೆ ಬಂದಿತು. ವಿದ್ಯೆ ಕೈಗೆ ಬರಲಿಲ್ಲ. ಅಂಥ ಒಡೆತನ ಕೀಲಿಕೈ ಇಲ್ಲದ ಪೆಟ್ಟಿಗೆಯಂತೆ. ಆ ಐದು ವರ್ಷಗಳಲ್ಲಿ ಶಾಲೆಯ ಒಬ್ಬ ಉಪಾಧ್ಯಾಯರಾದರೂ ಆರೈಕೆಯ ಕೆಲಸವನ್ನು ಕಲಿತಿದ್ದರೆ ಫಲ ಬೇರೆಯಾಗುತ್ತದೆ. ಅಂಗಡಿ, ಘಟಕಗಳಿಗೂ ಈ ಮಾತು ಅನ್ವಯಿಸುತ್ತದೆ. ಚಂದಾ ಕಟ್ಟುವ ಕಾಲವನ್ನು ಕಲಿಯುವ ಕಾಲವನ್ನಾಗಿಯೂ ಮಾಡಿಕೊಳ್ಳಬೇಕು.

ಸಹಿ ಹಾಕುವ ಮುನ್ನ

ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ಮನೆಮಾತು, ನಮ್ಮ ಶಾಲೆಯ ಮಾತು ಕನ್ನಡವಾಗಿ ಉಳಿಯಿತು. ಆದರೆ ಕಂಪನಿಯವರು ತರುವ ಕರಾರು ಪತ್ರ ಇಂಗ್ಲಿಷಿನಲ್ಲಿರುತ್ತದೆ, ಅವರು ಬಾಯಲ್ಲಿ ಹೇಳುವ ವಿವರ ತೆಲುಗಿನಲ್ಲಿರುತ್ತದೆ. ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿರುವುದು ಇನ್ನೊಂದು ಆದರೆ ನ್ಯಾಯಸ್ಥಾನದಲ್ಲಿ ನಿಲ್ಲುವುದು ಕಾಗದವೇ. ಆದುದರಿಂದ ಪೋಷಕರು ಸಹಿ ಹಾಕುವ ಮೊದಲು, ಓದುಬರಹ ಬಲ್ಲವರಿಂದ ಪ್ರತಿಯೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವು:

1. ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತೀರಿ? ಆ ಮಾತು ಕಾಗದದಲ್ಲಿದೆಯೇ? ಬರದಿದ್ದರೆ ಆ ತಿಂಗಳ ಚಂದಾದಲ್ಲಿ ಎಷ್ಟು ಕಡಿತ?
2. ಒಪ್ಪಂದ ಎಷ್ಟು ವರ್ಷದ್ದು? ನಡುವೆ ಬಿಟ್ಟರೆ ದಂಡವೆಷ್ಟು?
3. ಚಂದಾ ವರ್ಷವರ್ಷ ಏರುತ್ತದೆಯೇ? ಏರಿದರೆ ಎಷ್ಟರ ಮಿತಿಯಲ್ಲಿ?
4. ಹೇಳಿದ ದರದಲ್ಲಿ ಜಿ.ಎಸ್.ಟಿ. ಸೇರಿದೆಯೇ? ಇದು ಶೇಕಡಾ 18 ಆಗಿರುವುದರಿಂದ 2,200 ಎಂದದ್ದು ಬಿಲ್ಲಿನಲ್ಲಿ 2,596 ಆಗಬಹುದು. ಕೊಳ್ಳುವ ಉಪಕರಣದ ಬೆಲೆಗೂ ಇದೇ ಪ್ರಶ್ನೆ ಕೇಳಬೇಕು.
5. ಸಿಡಿಲು, ಬೆಂಕಿ, ಕಳವು ಆದರೆ ಪೆಟ್ಟಿಗೆಯ ನಷ್ಟ ಯಾರದು?
6. ಗೋಡೆಯೊಳಗಿನ ಕೇಬಲ್ ಕೊನೆಗೆ ಯಾರಿಗೆ ಸೇರುತ್ತದೆ?

ಯಾವ ಪದ್ಧತಿಯನ್ನು ಆರಿಸಿಕೊಂಡರೂ ಮೂರು ವಸ್ತುಗಳನ್ನು ಮಾತ್ರ ಬೇರೆಯವರ ವಶಕ್ಕೆ ಪೂರ್ತಿಯಾಗಿ ಬಿಡಬಾರದು. ಒಂದು, ಪಾಸ್‌ವರ್ಡ್‌ಗಳ ಪಟ್ಟಿ. ಕಂಪನಿಯವರೇ ಇಟ್ಟುಕೊಳ್ಳುವ ಪಕ್ಷದಲ್ಲಿ, ಒಪ್ಪಂದ ಮುಗಿದಾಗ ಕೊಡುತ್ತೇವೆಂದು ಕಾಗದದಲ್ಲಿ ಬರೆಸಿಕೊಳ್ಳಬೇಕು. ಎರಡು, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ನಕ್ಷೆ. ಮೂರು, ನಮ್ಮ ಲೆಕ್ಕಪತ್ರಗಳ ಪ್ರತಿ. ಈ ಮೂರು ಕೈಯಲ್ಲಿದ್ದವನು ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿಗೆ ಹೋಗಬಲ್ಲ. ಇಲ್ಲದವನು ಎಷ್ಟು ಏರಿಸಿದರೂ ಕಟ್ಟುತ್ತ ಕೂಡಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ಹಾಗಾದರೆ ಕೊನೆಗೆ ಯಾವುದು ಲೇಸು? ಕೈಯಲ್ಲಿ ಹಣವಿದ್ದು, ಹತ್ತಿರದಲ್ಲಿ ನೋಡಿಕೊಳ್ಳುವವರಿದ್ದರೆ ಕೊಳ್ಳುವುದು ಲೇಸು. ಹಣಕ್ಕೆ ಕೈಸಾಲ ಮಾಡಬೇಕಾಗಿದ್ದರೆ, ನೋಡಿಕೊಳ್ಳುವವರು ಇಲ್ಲದಿದ್ದರೆ, ಒಂದು ದಿನ ನಿಂತರೂ ದೊಡ್ಡ ನಷ್ಟವಾಗುವಂತಿದ್ದರೆ, ಸಮಯಕ್ಕೆ ಬರುವ ಕಂಪನಿ ಸಿಕ್ಕರೆ, ಚಂದಾ ಲೇಸು. ಒಂದೇ ಗಣಕಯಂತ್ರ, ಒಂದೇ ಪೆಟ್ಟಿಗೆ ಇರುವ ಸಣ್ಣ ಅಂಗಡಿಗೆ ಇಷ್ಟೆಲ್ಲ ಏರ್ಪಾಡು ಬೇಡವೇ ಬೇಡ. ಸಂಪರ್ಕದ ಜೊತೆಗೆ ಬರುವ ಪೆಟ್ಟಿಗೆಯೇ ಸಾಕು.

ಆದರೆ ವಿದ್ಯಾರ್ಥಿಗಳೇ, ಮೇಲಿನ ಲೆಕ್ಕದಲ್ಲಿ ಒಂದು ಸಾಲನ್ನು ಮತ್ತೊಮ್ಮೆ ನೋಡಿರಿ. ವರ್ಷಕ್ಕೆ 8,000ದಂತೆ ಆರೈಕೆಗೆ 40,000 ರೂಪಾಯಿ. ಆ ಸಾಲನ್ನು ಬದಲಾಯಿಸುವ ಶಕ್ತಿ ನಿಮ್ಮ ಕೈಯಲ್ಲಿದೆ. ಕೇಬಲ್ಲಿನೊಳಗೆ ಎಂಟು ತಂತಿಗಳು, ಎರಡೆರಡರಂತೆ ಹೆಣೆದ ನಾಲ್ಕು ಜೋಡಿಗಳು ಇರುತ್ತವೆ. ಅವುಗಳನ್ನು ಬಣ್ಣಗಳ ಕ್ರಮದಲ್ಲಿ ಜೋಡಿಸಿ ತುದಿಗೆ ಪ್ಲಗ್ ಕೂರಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಯಾವ ದೀಪ ಆರಿದರೆ ತಂತಿಯ ದೋಷ, ಯಾವ ದೀಪ ಕೆಂಪಾದರೆ ಹೊರಗಿನ ದೋಷ ಎಂಬುದನ್ನು ಪೆಟ್ಟಿಗೆಯ ಜೊತೆಗೆ ಬರುವ ಪುಸ್ತಕ ಓದಿ ತಿಳಿಯಬಹುದು. ತಿದ್ದುಪಡಿ ಹಾಕುವುದು, ಪಾಸ್‌ವರ್ಡ್ ಬದಲಾಯಿಸುವುದು ಹತ್ತನೆಯ ತರಗತಿಯವರಿಗೆ ಅಸಾಧ್ಯವಾದ ಕೆಲಸವಲ್ಲ. ಕರಾರು ಪತ್ರವನ್ನು ಓದಿ ತಂದೆಗೆ, ತಾಯಿಗೆ, ಪಕ್ಕದ ಅಂಗಡಿಯ ಅಣ್ಣನಿಗೆ ಕನ್ನಡದಲ್ಲಿ ತಿಳಿಹೇಳುವುದಂತೂ ನಿಮ್ಮ ಕರ್ತವ್ಯವೇ ಸರಿ. ವಿದ್ಯುತ್ತಿನ ಕಡೆಯ ಕೆಲಸವನ್ನು ಮಾತ್ರ ತಿಳಿದವರ ಸಮ್ಮುಖದಲ್ಲಿಯೇ ಮಾಡಬೇಕು.

ಊರಿನಲ್ಲಿ ಇಂಥ ಕೆಲಸ ಬಲ್ಲ ನಾಲ್ಕು ಮಂದಿ ಹುಡುಗ ಹುಡುಗಿಯರಿದ್ದರೆ ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ಯಾರಾದರೂ ಬರುವವರೆಗೆ ಇಪ್ಪತ್ತು ಜನರ ಕೂಲಿ ನಿಲ್ಲಬೇಕಾಗಿಲ್ಲ. ಕೊಳ್ಳುವವರು ಧೈರ್ಯವಾಗಿ ಕೊಳ್ಳುತ್ತಾರೆ. ಚಂದಾ ಕಟ್ಟುವವರು ತಿಳಿದು ಕಟ್ಟುತ್ತಾರೆ. ಎತ್ತು ಸ್ವಂತದ್ದಾಗಲಿ, ಟ್ರ್ಯಾಕ್ಟರು ಬಾಡಿಗೆಯದ್ದಾಗಲಿ, ಹೊಲದ ಹದ ನೋಡುವ ಕಣ್ಣು ರೈತನದೇ ಆಗಿರಬೇಕು. ಆ ಕಣ್ಣನ್ನು ಬೆಳೆಸಿಕೊಳ್ಳಬೇಕೆಂಬುದೇ ನಮ್ಮ ಹಾರೈಕೆ.